ಹೆಂಚಿನ ಮೇಲೆ 1865 ಅಂತ ಇದ್ದರೆ ಶಾಲೆ 1865ರದ್ದಾ? ಹಳೇ ಸರ್ಕಾರಿ ಶಾಲೆ ಕಟ್ಟಡದ ವಯಸ್ಸು ಹುಡುಕೋದು ಹೇಗೆ

ಮಲೆನಾಡಿನ ಹಳೇ ವಿದ್ಯಾರ್ಥಿ

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಳೇ ಕಟ್ಟಡ ಕೆಡವಬೇಕು ಅಂತ ಮಾತು ಶುರುವಾಗಿದೆ. ಅದಕ್ಕೆ ಮೊದಲು ಒಂದು ಸ್ಮರಣ ಸಂಚಿಕೆ ತರೋಣ ಅಂತ ಹಳೇ ವಿದ್ಯಾರ್ಥಿಗಳು ಹೊರಟಿದ್ದಾರೆ. ಮೊನ್ನೆ ಗುಂಪಿನಲ್ಲಿ ಒಬ್ಬರು ಒಡೆದ ಹೆಂಚಿನ ಫೋಟೋ ಹಾಕಿದರು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಅದರ ಜೊತೆ 1865. ಸಂಜೆಯೊಳಗೆ ಎಲ್ಲರೂ "ನಮ್ಮ ಶಾಲೆ 1865ರದ್ದು" ಅಂತ ಹಂಚೋಕೆ ಶುರು ಮಾಡಿದರು, ಸಂಚಿಕೆಯ ಮುಖಪುಟಕ್ಕೂ ಅದೇ ಇಸವಿ ಹಾಕೋಣ ಅಂತಾಯ್ತು.

ಅದು ಹೆಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಎಷ್ಟೋ ವರ್ಷ ಆದಮೇಲೆ ಮಾಡಿದ ಹೆಂಚಿನ ಮೇಲೂ ಅದೇ 1865 ಇರುತ್ತದೆ. ಹಾಗಾಗಿ ಆ ಹೆಂಚು ಹೇಳೋದು ಒಂದೇ ಮಾತು: ನಾನು 1865ಕ್ಕಿಂತ ಹಿಂದಿನವನಲ್ಲ.

ಇನ್ನೊಂದು ವಿಷಯ. ಕಟ್ಟಡದಲ್ಲಿ ಅತಿ ಹೆಚ್ಚು ಓಡಾಡುವ ವಸ್ತು ಅಂದ್ರೆ ಹೆಂಚೇ. ಒಡೆದರೆ ಬದಲಾಯಿಸ್ತಾರೆ, ಪಕ್ಕದೂರಲ್ಲಿ ಮನೆ ಕೆಡವಿದರೆ ತಂದು ಹಾಕ್ತಾರೆ, ಮಳೆಗಾಲಕ್ಕೆ ಮುಂಚೆ ಕೈಯಾಡಿಸುವಾಗ ಹಿಂದಿನದು ಮುಂದಕ್ಕೆ ಹೋಗುತ್ತದೆ. ಗೋಡೆ ಹಾಗೆ ಓಡಾಡಲ್ಲ. ಅದಕ್ಕೇ ಹೋದ ವಾರ ನಾನು ಹೆಂಚು ಬಿಟ್ಟು ಉಳಿದದ್ದನ್ನ ನೋಡೋಕೆ ಹೋಗಿದ್ದೆ.

ನಡುವೆ ಉದ್ದನೆಯ ಒಂದು ಹಾಲ್ ಇದೆ, ಎರಡು ಕಡೆ ಜಗಲಿ. ಗೋಡೆ ಕೆಮ್ಮಣ್ಣಿನ ಜಂಬಿಟ್ಟಿಗೆಯದು, ಕಿಟಕಿಯ ಗೂಡಿನಲ್ಲಿ ಒಂದು ಮಗು ಆರಾಮಾಗಿ ಕೂರುವಷ್ಟು ದಪ್ಪ. ಬಲಗಡೆ ಎರಡು ಕೋಣೆ ಆಮೇಲೆ ಸೇರಿಸಿದ್ದು, ಯಾಕೆಂದ್ರೆ ಅದರ ಗೋಡೆ ಹಾಲ್‌ನ ಗೋಡೆಗೆ ಹೆಣೆದುಕೊಂಡಿಲ್ಲ, ಸುಮ್ನೆ ಬಂದು ತಾಗಿದೆ, ನಡುವೆ ಮೇಲಿಂದ ಕೆಳಗೆ ನೆಟ್ಟಗೆ ಒಂದು ಬಿರುಕು. ನಾನು ಅಟ್ಟ ಹತ್ತಿ ಟಾರ್ಚ್ ಹಾಕಿ ನೋಡಿದೆ. ಪಕಾಸಿಗಳ (ಸೂರಿನ ಇಳಿಜಾರು ಮರಗಳು) ಮೇಲೆ ಈಗಿನ ರೀಪುಗಳು (ಹೆಂಚು ಕೂರುವ ಅಡ್ಡಪಟ್ಟಿಗಳು) ಸುಮಾರು ಒಂದಡಿಗೊಂದು ಇವೆ, ಮಂಗಳೂರು ಹೆಂಚಿಗೆ ಬೇಕಾದ ಅಂತರ ಅದು. ಆದರೆ ಅದೇ ಪಕಾಸಿಯಲ್ಲಿ ಒತ್ತೊತ್ತಾಗಿ ಹಳೇ ಮೊಳೆ ತೂತುಗಳಿವೆ, ಕೆಲವು ಚೌಕಾಕಾರದವು. ಅಂದ್ರೆ ಮೊದಲು ಅಲ್ಲಿ ಒತ್ತೊತ್ತಾಗಿ ರೀಪು ಇತ್ತು, ಮೇಲೆ ಊರಲ್ಲೇ ಮಾಡುವ ಸಣ್ಣ ನಾಡಹೆಂಚು ಇತ್ತು. ಮಂಗಳೂರು ಹೆಂಚು ಬಂದದ್ದು ಎರಡನೇ ಸಲಕ್ಕೆ. ಯಾವ ಕಾಗದದಲ್ಲೂ ಇಲ್ಲದ ಸಂಗತಿ ಇದು, ಆ ತೂತುಗಳಲ್ಲಿ ಮಾತ್ರ ಇದೆ. ಕೆಡವಿದ ಮರುದಿನ ಅದು ಸೌದೆ.

ಕೆಡವಬೇಡಿ ಅಂತ ಹೇಳೋದು ನನ್ನ ಆಸೆ, ಆದರೆ ಅದಕ್ಕೂ ಮೊದಲ ಮಾತು: ಏನು ಮಾಡೋದಿದ್ರೂ ಮೊದಲು ಕಟ್ಟಡವನ್ನ ಓದಿ, ಬರೆದಿಡಿ. ಈ ಕೆಲಸ ಮಾಡಿದವರು, ಗೊತ್ತಿರುವವರು ಇಲ್ಲಿ ಇದ್ದಾರೆ ಅಂತ ಗೊತ್ತು. ಇನ್ನೇನೇನು ನೋಡಬೇಕು, ಹೇಳಿ.

ಕುಡ್ಲದ ಕರಾವಳಿಗ

ಹೆಂಚಿನ ವಿಷಯಕ್ಕೆ ನಮ್ಮೂರಿನಿಂದ ಒಂದಿಷ್ಟು ಸೇರಿಸ್ತೇನೆ.

ಜೆಪ್ಪುವಿನ ಕಾರ್ಖಾನೆ ಶುರು ಮಾಡಿದ್ದು ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕೊಂಡಿಯಂತೆ ಕೂರುವ ಈ ಹೆಂಚಿನ ಮೂಲ ಇಲ್ಲಿಯದಲ್ಲ. ಫ್ರಾನ್ಸಿನ ಆಲ್ಸೇಸ್ ಕಡೆಯ ಜಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಮಾಡಿಸಿದ್ದರು. ಆದರೆ ನೇತ್ರಾವತಿ, ಗುರುಪುರ ನದಿ ದಂಡೆಯ ಮಣ್ಣು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು, ಸುಡೋಕೆ ಘಟ್ಟದ ಸೌದೆ ಇತ್ತು, ಸಾಗಿಸೋಕೆ ಬಂದರು ಇತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದೂ ಇದೇ ಮಿಷನ್‌ನವರು. ಕನ್ನಡ ಪತ್ರಿಕೆಯೂ ಕನ್ನಡ ನಾಡಿನ ಸೂರೂ ಒಂದೇ ಅಂಗಳದಿಂದ ಹೊರಟವು ಅನ್ನೋದು ನನಗೆ ತುಂಬಾ ಹೆಮ್ಮೆಯ ವಿಷಯ.

ಈಗ ವಯಸ್ಸು ಹುಡುಕೋಕೆ ಬೇಕಾದದ್ದು. ಇಸವಿ ನೋಡಬೇಡಿ, ಊರಿನ ಹೆಸರು ನೋಡಿ. ಮಿಷನ್‌ನವರು ಕುದ್ರೋಳಿಯಲ್ಲಿ 1882ರಲ್ಲಿ, ಮಲ್ಪೆಯಲ್ಲಿ 1886ರಲ್ಲಿ, ಕೇರಳದ ಫೆರೋಕ್‌ನಲ್ಲಿ 1905ರಲ್ಲಿ ಕಾರ್ಖಾನೆ ತೆರೆದರು. ಹೆಂಚಿನ ಮೇಲೆ ಫೆರೋಕ್ ಅಂತ ಇದ್ದರೆ ಅದು 1905ಕ್ಕಿಂತ ಹಿಂದಿನದಾಗೋಕೆ ಸಾಧ್ಯವೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್‌ನ ಕಾರ್ಖಾನೆಗಳನ್ನ ವಶಪಡಿಸಿಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಕಾಮನ್‌ವೆಲ್ತ್ ಅಂತ ಇರುವ ಹೆಂಚಿನ ಮೇಲೂ 1865 ಇರುತ್ತದೆ! ಇದೊಂದೇ ಸಾಕು ಆ ಇಸವಿ ತಯಾರಿಯದಲ್ಲ ಅನ್ನೋದಕ್ಕೆ. ಹಾಗೇ ಆಲ್ಬುಕರ್ಕ್ ಕಂಪನಿಯ ಹೆಂಚಿನ ಮೇಲೆ ಕಾಣುವ 1868 ಕೂಡ ಕಂಪನಿ ಹುಟ್ಟಿದ ವರ್ಷ.

ಇನ್ನೊಂದು, ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಅದಕ್ಕೆ ಮೊದಲು ಹೆಂಚು ಹೊರಟಿದ್ದು ಹಡಗು, ಮಚ್ವೆ, ಎತ್ತಿನ ಗಾಡಿಗಳಲ್ಲಿ. ಒಂದು ಹೆಂಚು ಎರಡರಿಂದ ಮೂರು ಕಿಲೋ ತೂಗುತ್ತದೆ, ನೂರು ಚದರಡಿ ಸೂರಿಗೆ ಸುಮಾರು 150 ಹೆಂಚು ಬೇಕು. ಘಟ್ಟ ಹತ್ತಿಸಿ ಒಂದು ಶಾಲೆಗೆ ಹೊದಿಸೋದು ಅಂದ್ರೆ ಎಂಥಾ ಕೆಲಸ, ಯೋಚಿಸಿ. ನಿಮ್ಮ ಮೊದಲ ಸೂರು ನಾಡಹೆಂಚಿನದು ಅನ್ನೋದು ನನಗೆ ಸಹಜವಾಗೇ ಕಾಣುತ್ತದೆ.

ಮೈಸೂರು ಅಗ್ರಹಾರ

ಒಳ್ಳೇ ಚರ್ಚೆ. ಒಂದು ತಿದ್ದುಪಡಿ ಎಲ್ಲರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಶಾಲೆ ಹುಟ್ಟಿದ ವರ್ಷ ಬೇರೆ, ಕಟ್ಟಡ ಎದ್ದ ವರ್ಷ ಬೇರೆ. ನಮ್ಮ ಮಹಾರಾಜ ಕಾಲೇಜನ್ನೇ ತಗೊಳ್ಳಿ. ಅದರ ಬೇರು ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆಯಲ್ಲಿದೆ. ಈಗಿನ ಕಟ್ಟಡಕ್ಕೆ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ್ದು 1889ರ ನವೆಂಬರ್‌ನಲ್ಲಿ, ಅದೇ ಪ್ರವಾಸದಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೂ ಅಡಿಗಲ್ಲು ಹಾಕಿದರು. ನಡುವೆ ಅರ್ಧ ಶತಮಾನಕ್ಕಿಂತ ಜಾಸ್ತಿ ಅಂತರ! ಬೆಂಗಳೂರಿನ ಸೆಂಟ್ರಲ್ ಕಾಲೇಜ್ ಕೂಡ 1858ರಲ್ಲಿ ಬೆಂಗಳೂರು ಹೈಸ್ಕೂಲ್ ಆಗಿ ಶುರುವಾದದ್ದು, ಕಾಲೇಜ್ ಅಂತ ಹೆಸರಾದದ್ದು 1875ರಲ್ಲಿ.

ಹಳ್ಳಿ ಶಾಲೆಗಳಲ್ಲಿ ಈ ಅಂತರ ಇನ್ನೂ ಸಾಮಾನ್ಯ. ಲೂಯಿ ರೈಸ್, ಅದೇ ಶಾಸನಗಳ ರೈಸ್, ಮೈಸೂರಿನ ಶಿಕ್ಷಣ ಇಲಾಖೆಯಲ್ಲಿದ್ದಾಗ 1868ರ ಹೊತ್ತಿಗೆ ಹೋಬಳಿ ಶಾಲೆಗಳ ಯೋಜನೆ ತಂದರು. ಹಳ್ಳಿಯ ಶಾಲೆ ಆಗೆಲ್ಲ ಗುಡಿ ಜಗಲಿ, ಚಾವಡಿ, ಛತ್ರ, ಯಾರದ್ದೋ ಮನೆಯ ಪಡಸಾಲೆಯಲ್ಲಿ ನಡೆದದ್ದೇ ಜಾಸ್ತಿ. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು. ಹಾಗಾಗಿ ಸಂಚಿಕೆಯಲ್ಲಿ ಎರಡು ಇಸವಿಗೆ ಜಾಗ ಇಡಿ. ಒಂದನ್ನೇ ಹಿಡಿದು ಕೂತರೆ ಎರಡೂ ಸುಳ್ಳಾಗುತ್ತವೆ.

ಧಾರವಾಡದಾಕೆ

ನಮ್ಮ ಕಡೆಯ ಮಾತೂ ಸ್ವಲ್ಪ ಕೇಳ್ರಿ. ಎಲ್ಲರೂ ಮೈಸೂರು ಸಂಸ್ಥಾನದ ದಾಖಲೆ ಅಂತಾರೆ, ಆದರೆ 1956ಕ್ಕೆ ಮೊದಲು ನಮ್ಮ ರಾಜ್ಯದ ಶಾಲೆಗಳು ಬೇರೆ ಬೇರೆ ಸರ್ಕಾರಗಳ ಕೈಯಲ್ಲಿದ್ದವು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈ ಪ್ರಾಂತದಲ್ಲಿ. ಇಲ್ಲಿ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಹೋರಾಡಿದ್ದು ಎಲ್ಲರಿಗೂ ಗೊತ್ತು. ಮುಂದೆ 1923ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದಮೇಲೆ ಶಾಲೆಗಳ ಆಡಳಿತ ಲೋಕಲ್ ಬೋರ್ಡ್‌ಗಳಿಗೆ ಹೋಯಿತು. ಮಂಗಳೂರು, ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಹೈದರಾಬಾದ್‌ನಲ್ಲಿ. ಕೊಡಗು ಬೇರೆಯೇ. ನಿಮ್ಮ ಶಾಲೆಯ ಕಟ್ಟಡದ ಎಸ್ಟಿಮೇಟ್ ಹುಡುಕಬೇಕಾದರೆ ಮೊದಲು ಊರು ಆಗ ಯಾರ ಕೈಯಲ್ಲಿತ್ತು ನೋಡ್ರಿ. ಕೆಲವರ ಕಾಗದ ಮುಂಬೈನಲ್ಲಿ ಇರಬಹುದು, ಕೆಲವರದ್ದು ಚೆನ್ನೈ, ಹೈದರಾಬಾದ್‌ನಲ್ಲಿ.

ಕಟ್ಟಡದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಕಲಬುರಗಿ ಕಡೆ ನೆಲಕ್ಕೆ ಶಹಾಬಾದಿ ಫರಸಿ, ಎಷ್ಟೋ ಕಡೆ ಸೂರಿಗೂ ಅದೇ ಕಲ್ಲು. ಹಳೇ ಮೈಸೂರಿನಲ್ಲಿ ಕರಿಕಲ್ಲಿನ ಚಪ್ಪಡಿ, ಕಂಬ. ಕರಾವಳಿ, ಮಲೆನಾಡಿನಲ್ಲಿ ಜಂಬಿಟ್ಟಿಗೆ. ನಕ್ಷೆ ಸರ್ಕಾರದ್ದು, ಆದರೆ ಕೈ ಊರಿನದ್ದು.

ಹೊಸ ಮೇಷ್ಟ್ರು

ನಾನು ಇಂಥದ್ದೇ ಒಂದು ಹಳೇ ಕಟ್ಟಡದಲ್ಲಿ ಪಾಠ ಮಾಡ್ತಿದ್ದೇನೆ. ಇತಿಹಾಸದ ಬಗ್ಗೆ ಗೌರವ ಇದೆ. ಆದರೆ ಜೋರು ಮಳೆ ಬಂದ ದಿನ ಮಕ್ಕಳನ್ನ ಒಳಗೆ ಕೂರಿಸೋಕೆ ನನಗೆ ಭಯ ಆಗುತ್ತದೆ. ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್ ಇದ್ದ ಭಾಗವೇ ಕುಸಿಯಿತು, ಆಗ ಒಳಗೆ ಯಾರೂ ಇಲ್ಲದ್ದರಿಂದ ಜೀವ ಹೋಗಲಿಲ್ಲ. ಒಳಗೆ ಮಕ್ಕಳಿದ್ದರೆ? ಪೋಷಕರು ಕೇಳಿದರೆ ನಾನು ಮೊಳೆ ತೂತಿನ ಇತಿಹಾಸ ಹೇಳೋಕೆ ಆಗುತ್ತಾ? ಕೋಪದಿಂದ ಬರೀತಿಲ್ಲ, ನಿಜವಾಗಿಯೂ ಕೇಳ್ತಿದ್ದೇನೆ.

ನಿವೃತ್ತ ಪಿಡಬ್ಲ್ಯುಡಿ

ಮೇಷ್ಟ್ರೇ, ನಿಮ್ಮ ಭಯ ನ್ಯಾಯವಾದದ್ದು. ಮಕ್ಕಳಿರುವ ಕೋಣೆಯ ಸೂರಿನ ಬಗ್ಗೆ ಅನುಮಾನ ಇದ್ದರೆ ಮೊದಲು ಮಕ್ಕಳನ್ನ ಬೇರೆ ಕಡೆ ಕೂರಿಸಿ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಕಟ್ಟಡ ಬೀಳೋದು ವಯಸ್ಸಾಯ್ತು ಅಂತ ಅಲ್ಲ, ನೀರು ಇಳಿದು ಇಳಿದು. ಹಳೇ ಮೈಸೂರಿನ ದೊಡ್ಡ ಶಾಲೆಗಳಲ್ಲಿ ಮದ್ರಾಸ್ ತಾರಸಿ ಜಾಸ್ತಿ. ತೇಗದ ಜಂತಿಗಳ ಮೇಲೆ ತೆಳು ಇಟ್ಟಿಗೆಯನ್ನ ಮಗ್ಗುಲಾಗಿ, ಓರೆಯಾಗಿ ಗಾರೆಯಲ್ಲಿ ಕೂರಿಸ್ತಾರೆ, ಮೇಲೆ ಇಟ್ಟಿಗೆ ಚೂರು ಸುಣ್ಣದ ಕಾಂಕ್ರೀಟ್ ಹಾಕಿ ಬಡಿದು ಗಟ್ಟಿ ಮಾಡ್ತಾರೆ, ಅದರ ಮೇಲೆ ಚಪ್ಪಟೆ ಬಿಲ್ಲೆ. ಇದು ನೂರು ವರ್ಷ ನಿಲ್ಲುತ್ತದೆ, ನೀರು ನಿಲ್ಲದಿದ್ದರೆ. ಮಳೆನೀರಿನ ಕೊಳವೆ ಎಲೆ ಕಟ್ಟಿ ಮುಚ್ಚಿಹೋಗುತ್ತದೆ, ತಾರಸಿಯಲ್ಲಿ ನೀರು ನಿಲ್ಲುತ್ತದೆ, ಅದು ಗೋಡೆಯೊಳಗೆ ಸೇರಿರುವ ಜಂತಿಯ ತುದಿಗೆ ಇಳಿಯುತ್ತದೆ. ಕೆಳಗಿಂದ ನೋಡಿದರೆ ಜಂತಿ ಚೆನ್ನಾಗೇ ಕಾಣುತ್ತದೆ, ಕೊಳೆತಿರೋದು ಗೋಡೆಯೊಳಗಿನ ಒಂದು ಗೇಣು. ಒಂದು ದಿನ ಅದು ಜಾರುತ್ತದೆ.

ಹಾಗಾಗಿ ಪರೀಕ್ಷೆಗೆ ಬಂದವರು ಗೋಡೆ ನೋಡಿ ಹೋದರೆ ಒಪ್ಪಬೇಡಿ. ಜಂತಿಯ ತುದಿ ಬಿಚ್ಚಿ ನೋಡಿ, ಸಣ್ಣ ಉಳಿ ಇಳಿಸಿ ನೋಡಿ ಅಂತ ಕೇಳಿ. ಹೆಂಚಿನ ಸೂರಾದರೆ ಟ್ರಸ್ (ಸೂರು ಹೊರುವ ತ್ರಿಕೋನದ ಚೌಕಟ್ಟು) ಗೋಡೆಗೆ ಕೂರುವ ಜಾಗ, ಗೆದ್ದಲು, ಎರಡು ಸೂರು ಸೇರುವ ಕಣಿವೆಯ ತಗಡು. ಬಿರುಕು ಇದ್ದರೆ ಅದರ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಬಿರುಕು ಬೆಳೀತಿದೆ, ಇಲ್ಲದಿದ್ದರೆ ಅದು ಹಳೇದು. ಮೂಲ ಪೋಸ್ಟ್ ಹಾಕಿದವರ ಶಾಲೆಯ ನೆಟ್ಟಗಿನ ಬಿರುಕು ಸೇರಿಸಿದ ಕೋಣೆಯ ಸಂದು ಇರಬಹುದು, ಆದರೂ ಗಾಜು ಅಂಟಿಸಿಯೇ ತೀರ್ಮಾನಿಸಿ.

ವಯಸ್ಸು ಹುಡುಕೋಕೆ ನನ್ನದೊಂದು ಸೇರ್ಪಡೆ. ತಾರಸಿಗೆ ಕಬ್ಬಿಣದ ತೊಲೆ ಇದ್ದರೆ ಅದರ ಮೈಮೇಲಿನ ಅಕ್ಷರ ಓದಿ. ಡಾರ್ಮನ್ ಲಾಂಗ್ ಅಂತ ಇದ್ದರೆ ಇಂಗ್ಲೆಂಡಿನ ಮಿಡಲ್ಸ್‌ಬರೋದಿಂದ ಬಂದದ್ದು. ಟಾಟಾ ಅಂತ ಇದ್ದರೆ 1912ರ ಈಚೆಯದು, ಜಮ್‌ಷೆಡ್‌ಪುರದಲ್ಲಿ ಉಕ್ಕು ಹೊರಬಂದದ್ದೇ ಆ ವರ್ಷ. ಬಣ್ಣ ಕೆರೆದು ನೋಡಬೇಕಾಗುತ್ತದೆ, ನಾನು ಕೆಲಸದಲ್ಲಿದ್ದಾಗ ಏಣಿ ಹಾಕಿಸಿ ಓದಿಸ್ತಿದ್ದೆ.

ಗಾರೆ ಕೆಲಸದವರ ಮಗ

ಇಂಜಿನಿಯರ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇಬೇಕು. ನೀರಿನಷ್ಟೇ ಹಾಳು ಮಾಡ್ತಿರೋದು ಸಿಮೆಂಟ್. ಅಪ್ಪ ಗಾರೆ ಕೆಲಸ ಮಾಡ್ತಿದ್ದರು. ಸುಣ್ಣ ನೆನೆಹಾಕಿ ತಣಿಸಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯೋದು, ಎತ್ತು ಸುತ್ತು ಬಂದು ಕಲ್ಲಿನ ಚಕ್ರ ಎಳೀತಿತ್ತು. ಹೊರಗಿನ ಗಿಲಾವಿಗೆ ಬೆಲ್ಲದ ನೀರು, ಅಳಲೆಕಾಯಿ ನೀರು. ಬೆರಳಿಗೆ ತಗೊಂಡು ಉಜ್ಜಿದರೆ ಬೆಣ್ಣೆ ಹಾಗೆ ನುಣ್ಣಗಿರಬೇಕು, ತರಿ ಸಿಕ್ಕರೆ ಅಪ್ಪ ವಾಪಸ್ ಗಾಣಕ್ಕೆ ಹಾಕಿಸ್ತಿದ್ದರು.

ಸುಣ್ಣದ ಗೋಡೆ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವ್ ಬಳಿದರೆ ಬಿಡೋಕೆ ದಾರಿ ಇಲ್ಲ. ತೇವ ಒಳಗೇ ಉಳಿದು ಉಪ್ಪು ಕಟ್ಟುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ಕೊನೆಗೆ ಸಿಮೆಂಟ್ ಹೊಪ್ಪಳೆಯಾಗಿ ಕಳಚುತ್ತದೆ. ಆಗ ಎಲ್ಲರೂ "ನೋಡಿ, ಹಳೇ ಗೋಡೆ ಶಿಥಿಲ" ಅಂತಾರೆ. ಅದರ ಮೇಲೆ ಆಯಿಲ್ ಪೇಂಟ್ ಬೇರೆ! ದಯವಿಟ್ಟು ಶಾಲೆಗೆ ದಾನ ಕೊಡುವ ಹಳೇ ವಿದ್ಯಾರ್ಥಿಗಳು ಸಿಮೆಂಟ್ ಮೂಟೆ, ಪೇಂಟ್ ಡಬ್ಬ ಕೊಡೋದು ನಿಲ್ಲಿಸಿ. ಸುಣ್ಣ ಕೊಡಿಸಿ, ಗೊತ್ತಿರುವ ಕೈಗೆ ಕೂಲಿ ಕೊಡಿ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ 1907ರ ಕಟ್ಟಡ, ಪರಂಪರೆ ಉಳಿಸುವ ಕೆಲಸದ ಸಂಸ್ಥೆ ಇಂಟ್ಯಾಕ್‌ನವರು ಅದನ್ನ ದುರಸ್ತಿ ಮಾಡಿಸಿದರು. ಸರ್ಕಾರಿ ಶಾಲೆಯ ಹಳೇ ಕಟ್ಟಡವನ್ನ ಉಳಿಸಿಕೊಂಡೇ ಪಾಠ ನಡೆಸಬಹುದು ಅನ್ನೋದಕ್ಕೆ ಕಣ್ಣೆದುರಿನ ಉದಾಹರಣೆ.

ಹೊಸ ಮೇಷ್ಟ್ರು

ಜಂತಿ ತುದಿಯ ವಿಷಯ ನನಗೆ ಯಾರೂ ಹೇಳಿರಲಿಲ್ಲ, ಧನ್ಯವಾದ ಸರ್. ನಮ್ಮ ಶಾಲೆಗೆ ಬಂದವರು ಹೊರಗೆ ನಿಂತು ಫೋಟೋ ತೆಗೆದು ಹೋದರು ಅಷ್ಟೇ. ಒಂದು ಪ್ರಶ್ನೆ: ನೂರು ವರ್ಷ ಆದ ಕಟ್ಟಡ ಕೆಡವುವ ಹಾಗಿಲ್ಲ ಅಂತಾರಲ್ಲ, ಅದು ನಿಜಾನಾ?

ನಿವೃತ್ತ ಪಿಡಬ್ಲ್ಯುಡಿ

ಇಲ್ಲ. ತುಂಬಾ ಜನ ಹೀಗೇ ನಂಬಿ ಸುಮ್ಮನೆ ಕೂರ್ತಾರೆ. 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ನೂರು ವರ್ಷದ ಮಾತು ಇದೆ, ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತ ಅಂತ ಘೋಷಿಸಿದರೆ ಮಾತ್ರ ರಕ್ಷಣೆ. ನೂರು ತುಂಬಿದ ಮಾತ್ರಕ್ಕೆ ತಾನಾಗಿ ಏನೂ ಸಿಗಲ್ಲ. ಹಳ್ಳಿ ಶಾಲೆಗೆ ನಿಜವಾದ ರಕ್ಷಣೆ ಅಂದ್ರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮತ್ತು ಊರಿನವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ಕೊಡುವ ಮನವಿ. ಅದರ ಜೊತೆ ಕಟ್ಟಡದ ಅಳತೆ, ಫೋಟೋ, ಇಂಜಿನಿಯರ್ ವರದಿ ಇದ್ದರೆ ಅದಕ್ಕೆ ತೂಕ ಬರುತ್ತದೆ.

ಧಾರವಾಡದಾಕೆ

ಅಳತೆ ಮಾಡುವಾಗ ಕಿಟಕಿಗಳನ್ನ ಮರೀಬೇಡ್ರಿ. ಹಳೇ ಶಾಲಾ ನಕ್ಷೆಗಳಲ್ಲಿ ಬೆಳಕು ಮಕ್ಕಳ ಎಡಗಡೆಯಿಂದ ಬರಬೇಕು ಅಂತ ಒಂದು ಲೆಕ್ಕ ಇತ್ತು, ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಪಾಟಿಯ ಮೇಲೆ ಬೀಳಬಾರದು ಅಂತ. ಕಿಟಕಿ ಯಾವ ಕಡೆ ದೊಡ್ಡದಿದೆ ನೋಡಿದರೆ ಕರಿಹಲಗೆ ಮೊದಲು ಯಾವ ಗೋಡೆಯಲ್ಲಿತ್ತು ಅಂತ ಊಹಿಸಬಹುದು. ಎಷ್ಟೋ ಕಡೆ ಆಮೇಲೆ ಹಲಗೆ ತಿರುಗಿಸಿ ಮಕ್ಕಳನ್ನ ಬೆಳಕಿಗೆ ಎದುರಾಗಿ ಕೂರಿಸಿದ್ದಾರೆ. ಮೇಲಿನ ಬೆಳಕಿಂಡಿಗಳನ್ನೂ ನೋಡ್ರಿ. ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗಲಿ ಅಂತ ಇಟ್ಟದ್ದು, ಪಾರಿವಾಳದ ಕಾಟಕ್ಕೆ ಹಲಗೆ ಬಡಿದು ಮುಚ್ಚಿರ್ತಾರೆ, ಆಮೇಲೆ ಒಳಗೆ ಸೆಕೆ ಅಂತಾರೆ.

ಮಲೆನಾಡಿನ ಹಳೇ ವಿದ್ಯಾರ್ಥಿ

ಎಲ್ಲರಿಗೂ ಧನ್ಯವಾದ. ನಿಮ್ಮ ಮಾತುಗಳನ್ನ ಹಿಡಿದು ನಿನ್ನೆ ಮತ್ತೆ ಹೋಗಿದ್ದೆ, ಜೊತೆಗೆ ಊರಿನ ಬಡಗಿಯೊಬ್ಬರು ಮತ್ತು ಏಳನೇ ತರಗತಿಯ ಮಕ್ಕಳು. ಹೆಂಚುಗಳನ್ನ ಒಂದೊಂದಾಗಿ ತಿರುಗಿಸಿ ನೋಡಿದೆವು. ಹಾಲ್‌ನ ಹಿಂದಿನ ಇಳಿಜಾರಿನಲ್ಲಿ ಮಿಷನ್‌ನ ಹೆಂಚು ಜಾಸ್ತಿ, ಬಲಗಡೆ ಸೇರಿಸಿದ ಕೋಣೆಗಳ ಮೇಲೆ ಬಹುಪಾಲು ಕಾಮನ್‌ವೆಲ್ತ್, ಅದರಲ್ಲಿ ಫೆರೋಕ್ ಅಂತ ಇರೋವೂ ಸಿಕ್ಕವು. ಹೆಂಚು ಓಡಾಡುವ ವಸ್ತು ಅನ್ನೋದು ನಿಜ, ಆದರೆ ಒಂದು ಸೂರಿನ ತುಂಬಾ ಒಂದೇ ಗುರುತು ಇದ್ದಾಗ ಅದಕ್ಕೆ ಬೆಲೆ ಕೊಡಲೇಬೇಕು. ಕೋಣೆಗಳು ಮೊದಲ ಮಹಾಯುದ್ಧದ ನಂತರ ಸೇರಿದವು ಅಂತ ಬರೆಯೋಕೆ ನನಗೆ ಇಷ್ಟು ಸಾಕು, ಹಾಲ್ ಅದಕ್ಕಿಂತ ಹಳೇದು ಅನ್ನೋದಕ್ಕೂ ಆ ಸಂದು ಸಾಕ್ಷಿ.

ಟ್ರಸ್‌ನ ತುದಿಗಳನ್ನ ಬಡಗಿ ಉಳಿಯಿಂದ ಚುಚ್ಚಿ ನೋಡಿದರು. ಜಗಲಿ ಕಡೆಯ ಎರಡು ಮಾತ್ರ ಮೆತ್ತಗಾಗಿವೆ, ಸರಿಯಾಗಿ ಅದರ ಮೇಲೆಯೇ ಕಣಿವೆಯ ತಗಡು ತೂತಾಗಿದೆ. ಉಳಿದ ಕಡೆ ಉಳಿ ಇಳಿಯಲೇ ಇಲ್ಲ. ಆ ಎರಡು ತುದಿಗೆ ಮರ ಜೋಡಿಸಿ, ತಗಡು ಬದಲಾಯಿಸಿದರೆ ಸಾಕು ಅಂತ ಅವರ ಅಭಿಪ್ರಾಯ. ಅದನ್ನ ಇಂಜಿನಿಯರ್ ಒಬ್ಬರಿಂದ ಬರವಣಿಗೆಯಲ್ಲಿ ಮಾಡಿಸ್ತೇವೆ, ಅಲ್ಲಿಯವರೆಗೆ ಜಗಲಿ ಪಕ್ಕದ ಸಾಲಿನಲ್ಲಿ ಮಕ್ಕಳನ್ನ ಕೂರಿಸಬೇಡಿ ಅಂತ ಮುಖ್ಯ ಶಿಕ್ಷಕಿಯವರಿಗೆ ಹೇಳಿ ಬಂದಿದ್ದೇನೆ. ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿಯಾಯ್ತು.

ಕಾಗದದ ಕಡೆಯಿಂದ ಇನ್ನೂ ಕೆಲಸ ಇದೆ. ಹಳೇ ದಾಖಲಾತಿ ರಿಜಿಸ್ಟರ್ ಬೀರುವಿನಲ್ಲಿ ಸಿಕ್ಕಿದೆ, ಇನ್‌ಸ್ಪೆಕ್ಟರರ ಭೇಟಿ ಪುಸ್ತಕ ಸಿಕ್ಕಿಲ್ಲ. ನಮ್ಮದು ಮೈಸೂರು ಸಂಸ್ಥಾನದ ಊರು. ರಾಜ್ಯ ಪತ್ರಾಗಾರದಲ್ಲಿ ಶಿಕ್ಷಣ ಇಲಾಖೆಯ ಕಡತ ಮತ್ತು ವಾರ್ಷಿಕ ಆಡಳಿತ ವರದಿಗಳನ್ನ ನೋಡಿದವರು ಇದ್ದರೆ, ತಾಲೂಕು ಮಟ್ಟದ ಕಟ್ಟಡಗಳ ವಿವರ ಯಾವುದರಲ್ಲಿ ಸಿಗುತ್ತದೆ ಅಂತ ತಿಳಿಸಿ.

ಮೈಸೂರು ಅಗ್ರಹಾರ

ವಾರ್ಷಿಕ ವರದಿಯಲ್ಲಿ ಒಂದೊಂದು ಹಳ್ಳಿಯ ಹೆಸರು ನಿರೀಕ್ಷಿಸಬೇಡಿ, ಅಲ್ಲಿ ಇಡೀ ಸಂಸ್ಥಾನದ ಲೆಕ್ಕ ಇರುತ್ತದೆ. ನಿಮಗೆ ಬೇಕಾದದ್ದು ಇಲಾಖೆಯ ಕಡತಗಳು. ಹೋಗುವಾಗ ಊರಿನ ಹಳೇ ಇಂಗ್ಲಿಷ್ ಕಾಗುಣಿತ, ಆಗಿನ ಹೋಬಳಿ, ತಾಲೂಕಿನ ಹೆಸರು ಬರೆದುಕೊಂಡು ಹೋಗಿ. ತಾಲೂಕಿನ ಗಡಿಗಳು ಬದಲಾಗಿವೆ, ಈಗಿನ ಹೆಸರಿನಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ನಾನು ಮುಂದಿನ ತಿಂಗಳು ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗುವವನಿದ್ದೇನೆ. ವಿವರ ಕಳಿಸಿ, ನಿಮ್ಮದನ್ನೂ ಕೇಳಿ ತರ್ತೇನೆ.